ಸುಟ್ಟ ಬೀದಿಯ ಕವಿಗೋಷ್ಠಿ

ಲಾಸ್ ಏಂಜಲೀಸ್ ಅಂದ ತಕ್ಷಣ ನಮ್ಮ ಹುಡುಗರ ಕಣ್ಣಮುಂದೆ ಬರುವುದು ಹಾಲಿವುಡ್ಡು, ಸಮುದ್ರ, ಉದ್ದುದ್ದ ತಾಳೆಯ ಮರ, ಸಾಲುಗಟ್ಟಿದ ಕಾರು. ಆ ಊರಿಗೂ ಒಂದು ಕೇರಿ ಇದೆ. ಊರ ದಕ್ಷಿಣಕ್ಕೆ, ರೈಲು ಹಳಿಯ ಪಕ್ಕಕ್ಕೆ. ಹೆಸರು ವಾಟ್ಸ್. ಕೇರಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಕಪ್ಪುಜನ ತಾವಾಗಿ ಇಷ್ಟಪಟ್ಟು ಹೋಗಿ ಅಲ್ಲಿ ಗುಂಪಾಗಿ ಕೂತವರಲ್ಲ. ಬೇರೆ ಕಡೆ ಮನೆ ಸಿಗದಂತೆ ಮಾಡಿದ್ದರು. 'ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರತಕ್ಕದ್ದಲ್ಲ' ಎಂಬ ಅರ್ಥದ ಷರತ್ತನ್ನು ಕ್ರಯಪತ್ರದಲ್ಲೇ ಬರೆಸಿಡುವ ಪದ್ಧತಿ ಅಲ್ಲಿತ್ತು. ನಮ್ಮಲ್ಲಿ ಅದನ್ನು ಬರೆಯುವ ಅಗತ್ಯವೇ ಇಲ್ಲ, 'ನೀವು ಯಾವ ಜನ?' ಅಂತ ಒಂದು ಮಾತು ಕೇಳಿದರೆ ಸಾಕು, ಬಾಡಿಗೆ ಮನೆ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿರುತ್ತೆ. ಅಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಮನೆ ಕೊಡುವುದರಲ್ಲಿ ಬಣ್ಣ ನೋಡಬಾರದು ಎಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 1963ರಲ್ಲಿ. ಮರುವರ್ಷವೇ, 1964ರ ನವೆಂಬರಿನಲ್ಲಿ, ಆ ರಾಜ್ಯದ ಮತದಾರರು ಓಟು ಹಾಕಿ ಆ ಕಾನೂನನ್ನು ಕಿತ್ತೊಗೆದರು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಓಟು ಕಿತ್ತೊಗೆಯುವ ಕಡೆಗೇ ಬಿದ್ದವು. ಪ್ರಜಾಪ್ರಭುತ್ವ ನೋಡಿ!

ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ 1965ರ ಆಗಸ್ಟ್ ತಿಂಗಳು ಅರ್ಥವಾಗುವುದಿಲ್ಲ. ಆಗಸ್ಟ್ 6ರಂದು ಕಪ್ಪುಜನರ ಮತದಾನದ ಹಕ್ಕಿನ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ರುಜು ಬಿತ್ತು. ಐದೇ ದಿನಕ್ಕೆ, 11ರ ಸಂಜೆ, ವಾಟ್ಸ್‌ನ ಹತ್ತಿರ ಮಾರ್ಕೆಟ್ ಫ್ರೈ ಎಂಬ 21 ವರ್ಷದ ಕಪ್ಪು ಯುವಕನ ಕಾರನ್ನು ಪೊಲೀಸರು ನಿಲ್ಲಿಸಿದರು. ಕುಡಿದು ಓಡಿಸುತ್ತಿದ್ದಾನೆ ಎಂಬ ಆಪಾದನೆ. ಅವನ ತಾಯಿ ಬಂದಳು, ಜನ ಸೇರಿದರು, ನೂಕಾಟ ಆಯಿತು, ಲಾಠಿ ಎದ್ದಿತು. ಮಗ, ತಾಯಿ, ಅಣ್ಣ ಮೂವರನ್ನೂ ಎಳೆದುಕೊಂಡು ಹೋದರು. ಆಮೇಲೆ ಆರು ದಿನ ಊರು ಉರಿಯಿತು. 34 ಜನ ಸತ್ತರು. ಸತ್ತವರಲ್ಲಿ ಬಹುಪಾಲು ಕಪ್ಪುಜನ. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯ. ಸುಮಾರು 14,000 ಸೈನಿಕರು ಬೀದಿಗಿಳಿದರು. ವಾಟ್ಸ್‌ನ ಅಂಗಡಿಬೀದಿ, 103ನೇ ರಸ್ತೆ, ಎಷ್ಟು ಸುಟ್ಟಿತೆಂದರೆ ಜನ ಅದಕ್ಕೆ ಇದ್ದಿಲುಗಲ್ಲಿ ಅಂತಲೇ ಹೆಸರಿಟ್ಟರು.

ಪತ್ರಿಕೆಗಳು ಇದನ್ನು ದೊಂಬಿ ಎಂದವು. ವಾಟ್ಸ್‌ನ ಜನ ದಂಗೆ ಎಂದರು, ಬಂಡಾಯ ಎಂದರು. ಒಂದೇ ಬೆಂಕಿಗೆ ಎರಡು ಹೆಸರು. ಯಾವ ಹೆಸರು ಅಚ್ಚಾಗುತ್ತದೆ ಅನ್ನುವುದು ಬರೆಯುವ ಪೆನ್ನು ಯಾರ ಕೈಲಿದೆ ಅನ್ನುವುದರ ಮೇಲೆ ನಿಂತಿರುತ್ತದೆ. ಹಾಗಾಗಿಯೇ ಆ ಇದ್ದಿಲುಗಲ್ಲಿಯಲ್ಲಿ ಒಂದು ಓದುಗೋಷ್ಠಿ ಹುಟ್ಟಿದ್ದು ನನಗೆ ಸಣ್ಣ ಸುದ್ದಿಯಾಗಿ ಕಾಣುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಮ್ ಎಕ್ಸ್ ಬಗ್ಗೆ ನಮ್ಮಲ್ಲಿ ಅಷ್ಟಿಷ್ಟು ಬಂದಿದೆ. ಈ ಗೋಷ್ಠಿಯ ಕಥೆ ನಮ್ಮ ಸಂಘಟನೆಯ ಗೆಳೆಯರಿಗೂ ಹಳ್ಳಿಯ ಮೇಷ್ಟ್ರುಗಳಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಶುರು ಮಾಡಿದವನು ಒಬ್ಬ ಬಿಳಿಯ. ಹೆಸರು ಬಡ್ ಷುಲ್‌ಬರ್ಗ್, ಹುಟ್ಟಿದ್ದು 1914ರಲ್ಲಿ. ಅಪ್ಪ ಹಾಲಿವುಡ್ಡಿನ ದೊಡ್ಡ ಸಿನಿಮಾ ಕಂಪನಿಯ ಧಣಿಗಳಲ್ಲೊಬ್ಬ. ಮಗ ಕಾದಂಬರಿಕಾರ, 'ಆನ್ ದಿ ವಾಟರ್‌ಫ್ರಂಟ್' ಎಂಬ 1954ರ ಸಿನಿಮಾಕ್ಕೆ ಚಿತ್ರಕಥೆ ಬರೆದು ಆಸ್ಕರ್ ತಗೊಂಡವನು. ಇವನ ಜಾತಕದಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಮುಚ್ಚಿಡಬಾರದು. ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲದಲ್ಲಿ, 1951ರಲ್ಲಿ, ಇವನು ಸಂಸತ್ತಿನ ಸಮಿತಿಯ ಮುಂದೆ ಕೂತು ತನ್ನ ಹಳೆಯ ಸಂಗಾತಿಗಳ ಹೆಸರು ಹೇಳಿ ಬಂದಿದ್ದ. ಅಂಥವನು ಟೀವಿಯಲ್ಲಿ ಊರು ಉರಿಯುವುದನ್ನು ನೋಡಿ, ಕರ್ಫ್ಯೂ ತೆಗೆದ ಮೇಲೆ ವಾಟ್ಸ್‌ಗೆ ಬಂದ. ಪಾಪಪ್ರಜ್ಞೆಯೋ, ಕರುಣೆಯೋ, ಬರಹಗಾರನ ಕುತೂಹಲವೋ, ಮೂರೂ ಸೇರಿತ್ತೋ. ಅಲ್ಲಿನ ಸಮಾಜಸೇವಾ ಕೇಂದ್ರವೊಂದರ ಗೋಡೆಗೆ ಚೀಟಿ ಅಂಟಿಸಿದ: ಬರವಣಿಗೆ ತರಗತಿ ನಡೆಯುತ್ತದೆ, ಆಸಕ್ತಿ ಇದ್ದವರು ಕೆಳಗೆ ಹೆಸರು ಬರೆಯಿರಿ.

ಯಾರೂ ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ. ಖಾಲಿ ಕೋಣೆಯಲ್ಲಿ ಅವನೊಬ್ಬನೇ ಕೂತು ಎದ್ದು ಹೋಗುತ್ತಿದ್ದ.

ಯಾಕೆ ಬರಲಿಲ್ಲ ಅನ್ನುವುದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿ ಆರಿದ ಮೇಲೆ ಕೇರಿಗೆ ಬರುವವರು ಎಷ್ಟು ಜನ! ಸರ್ವೆ ಮಾಡುವವರು, ಫೋಟೋ ತೆಗೆಯುವವರು, ಕಂಬಳಿ ಹಂಚುವವರು, ವರದಿ ಬರೆಯುವವರು. ಗವರ್ನರು ನೇಮಿಸಿದ ಆಯೋಗವೂ ಬಂತು, 1965ರ ಡಿಸೆಂಬರಿನಲ್ಲಿ ವರದಿಯನ್ನೂ ಕೊಟ್ಟಿತು. ಕೆಲಸ ಇಲ್ಲ, ಶಾಲೆ ಸರಿಯಿಲ್ಲ, ಪೊಲೀಸರ ಮೇಲೆ ನಂಬಿಕೆ ಇಲ್ಲ ಅಂತ ಬರೆಯಿತು. ವಾಟ್ಸ್‌ನ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಇಂಥವರ ಸಾಲಿನಲ್ಲಿ ಇವನೂ ಒಬ್ಬ ಎಂದು ಹುಡುಗರು ದೂರ ನಿಂತರು. ನೋಡೋಣ, ಎಷ್ಟು ದಿನ ಬರ್ತಾನೆ ಅಂತ ಕಾದರು.

ಅವನು ಬರುತ್ತಲೇ ಇದ್ದ. ನಿಧಾನಕ್ಕೆ ಒಬ್ಬ ಬಂದ, ಆಮೇಲೆ ಇನ್ನೊಬ್ಬ. ಮೊದಮೊದಲು ಬಂದವರಲ್ಲಿ ಒಬ್ಬ ಹುಡುಗ ತನ್ನ ಹೆಸರು ಲ್ಯೂಮಾಸ್ ಸಿರಾ ಎಂದ. ಸ್ಯಾಮ್ಯುಯೆಲ್ ಹ್ಯಾರಿಸ್ ಎಂಬ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆದರೆ ಬರುವ ಹೆಸರು ಅದು. ಕಪ್ಪುಜನರ ಹೆಸರುಗಳು ಅವರ ಅಜ್ಜಂದಿರನ್ನು ಕೊಂಡುಕೊಂಡ ಒಡೆಯರು ಇಟ್ಟ ಹೆಸರುಗಳು. ಈ ಹುಡುಗ ಅದನ್ನು ಕನ್ನಡಿಗೆ ಹಿಡಿದಂತೆ ತಿರುಗಿಸಿಬಿಟ್ಟ. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. 'ಸಿರಾ' ಅನ್ನುವುದು ಹಳೇ ಇಂಗ್ಲಿಷ್ ನಾಟಕಗಳಲ್ಲಿ ಧಣಿ ಆಳನ್ನು ಕರೆಯುವ ಮಾತು, ನಮ್ಮ 'ಏನ್ಲಾ' ಇದ್ದಂತೆ. ಅದು ಅವನಿಗೆ ಗೊತ್ತಿದ್ದು ಬಂದದ್ದೋ, ಅಕ್ಷರ ತಿರುಗಿಸಿದಾಗ ತಾನಾಗಿ ಬಂದದ್ದೋ, ಹೊರಗೆ ನಿಂತು ಓದುವ ನನಗಂತೂ ಮೈ ಜುಮ್ಮೆಂದಿತು. ಚೋಮ, ತಿಪ್ಪ, ಕೆಂಚ, ಕರಿಯ ಎಂದು ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡು ಬಂದ ಜನಕ್ಕೆ ಹೆಸರು ಅನ್ನುವುದು ಬರೀ ಹೆಸರಲ್ಲ.

ಹ್ಯಾರಿ ಡೋಲನ್ ಬಂದ. ಇವನು ಹುಡುಗನಲ್ಲ, ಆಗಲೇ ನಲವತ್ತರ ಹತ್ತಿರದ ಸಂಸಾರಸ್ಥ. ಸಿಟಿ ಹಾಲಿನಲ್ಲಿ ರಾತ್ರಿ ಹೊತ್ತು ಕಸ ಗುಡಿಸುವ ಕೆಲಸ ಮಾಡಿದ್ದವನು. ಜಾನಿ ಸ್ಕಾಟ್ ಬಂದ. ಸರ್ಕಾರ ಕಟ್ಟಿಸಿದ ವಠಾರದಲ್ಲಿ ಬೆಳೆದು, ಹಾರ್ವರ್ಡಿಗೆ ಸೀಟು ಸಿಕ್ಕಿ ಹೋಗಿ, ಒಂದು ವರ್ಷಕ್ಕೆ ಅಲ್ಲಿ ನಿಲ್ಲಲಾಗದೆ ವಾಪಸ್ಸು ಬಂದಿದ್ದ ಹುಡುಗ. ದೊಡ್ಡ ಕಾಲೇಜಿನ ಹಾಸ್ಟೆಲಿನಿಂದ ಪೆಟ್ಟಿಗೆ ಹೊತ್ತು ಊರಿಗೆ ಮರಳಿದ ನಮ್ಮ ಎಷ್ಟೋ ಮಕ್ಕಳ ಮುಖ ನನಗೆ ಇವನಲ್ಲಿ ಕಾಣುತ್ತದೆ. ಆಲ್ವಿನ್ ಸ್ಯಾಕ್ಸನ್ ಎಂಬ ಹುಡುಗ ಓಜೆಂಕೆ ಎಂದು ಹೆಸರು ಬದಲಿಸಿಕೊಂಡು ಪದ್ಯ ಓದಿದ. ಹೆಂಗಸರೂ ಬಂದರು. ಸೊನೋರಾ ಮೆಕೆಲರ್, ಬರ್ಡೆಲ್ ಚ್ಯೂ, ಬ್ಲಾಸಮ್ ಪೋ. ಆ ಕಾಲದ ಹೋರಾಟದ ಸಭೆಗಳಲ್ಲಿ ಹೆಂಗಸರಿಗೆ ಕಾಫಿ ಕಾಯಿಸುವ ಕೆಲಸ ಬೀಳುತ್ತಿತ್ತೇ ಹೊರತು ಮೈಕು ಸಿಗುತ್ತಿದ್ದದ್ದು ಅಪರೂಪ. ನಮ್ಮ ಸಂಘಟನೆಗಳು ಈ ಮಾತಿಗೆ ಒಂದು ಕ್ಷಣ ತಲೆ ತಗ್ಗಿಸಬಹುದು.

ಜನ ಹೆಚ್ಚಾದ ಮೇಲೆ ಸೇವಾಕೇಂದ್ರದ ಕೋಣೆ ಸಾಲಲಿಲ್ಲ. 103ನೇ ರಸ್ತೆಯಲ್ಲಿ ಪಾಳುಬಿದ್ದ ಪೀಠೋಪಕರಣದ ಅಂಗಡಿಯೊಂದನ್ನು ಕೇರಿಯ ಹುಡುಗರೇ ಗುಡಿಸಿ, ಬಣ್ಣ ಬಳಿದು ಕಾಫಿಮನೆ ಮಾಡಿಕೊಂಡಿದ್ದರು. ಅದರ ಹೆಸರು ವಾಟ್ಸ್ ಹ್ಯಾಪನಿಂಗ್ ಕಾಫಿ ಹೌಸ್. ಬರಹಗಾರರ ಕೂಟ ಅಲ್ಲಿಗೆ ಹೋಯಿತು. ಕೋಣೆಯಿಂದ ಕಾಫಿಮನೆಗೆ ಹೋದದ್ದು ಜಾಗ ಬದಲಾದದ್ದಷ್ಟೇ ಆಗಲಿಲ್ಲ. ಕೋಣೆಯಲ್ಲಿ ಕೇಳುವವರು ಬರೆಯುವವರೇ. ಕಾಫಿಮನೆಯಲ್ಲಿ ಕೇಳುವವರು ಬೀದಿಯ ಜನ. ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತವರು, ಆಟ ಮುಗಿಸಿ ಬಂದ ಹುಡುಗರು, ಚಿತ್ರ ಬರೆಯುವವರು, ನಾಟಕದವರು. ಪದ್ಯ ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುವ ಜನ ಅವರು. ಅಂಥವರ ಮುಂದೆ ನಿಂತು ಓದಿದ್ದರಿಂದ ಅವರ ಬರಹಕ್ಕೆ ಬಾಯಿಮಾತಿನ ಬಿಸಿ ಬಂತು. ಚರ್ಚಿನ ಉಪದೇಶದ ಏರಿಳಿತ, ಜಾಸ್ ಸಂಗೀತದ ತಾಳ, ಬೀದಿಜಗಳದ ಬೈಗುಳ ಎಲ್ಲಾ ಪದ್ಯದೊಳಕ್ಕೆ ನುಗ್ಗಿದವು. ವ್ಯಾಕರಣ ತಿದ್ದುವ ಮೇಷ್ಟ್ರು ಇದ್ದಿದ್ದರೆ ಇದರಲ್ಲಿ ಅರ್ಧ ಬಾಗಿಲಾಚೆಗೇ ನಿಲ್ಲುತ್ತಿತ್ತು.

ಬರೆಯುವುದು ಒಬ್ಬನೇ ಕೂತು ಮಾಡುವ ಕೆಲಸ ಅನ್ನುವುದು ಮನೆಯಲ್ಲಿ ಸ್ವಂತ ಕೋಣೆ ಇದ್ದವರ ಮಾತು. ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಮನೆಯ ಹುಡುಗನಿಗೆ ಬರೆಯಲು ಜಾಗ ಬೇಕು, ಬರೆದದ್ದನ್ನು ಓದಲು ಒಂದು ಕಿವಿ ಬೇಕು, ಕೆಟ್ಟದ್ದನ್ನು ಬರೆದರೂ ನಗದೆ ಕೂತು ಕೇಳಿ 'ಇಲ್ಲಿ ಸರಿಯಿಲ್ಲ ಕಣೋ, ಹೀಗೆ ಹೇಳಿ ನೋಡು' ಅನ್ನುವ ಗೆಳೆಯ ಬೇಕು. ನಮ್ಮಲ್ಲಿ ಈ ಕೆಲಸಕ್ಕೆ ತಾಲ್ಲೂಕು ಕವಿಗೋಷ್ಠಿಗಳಿವೆ ಅಂತೀರಾ? ನಾನು ಕಂಡ ಒಂದು ಗೋಷ್ಠಿ ಹೇಳುತ್ತೇನೆ. ಬೆಳಗ್ಗೆ ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಉದ್ಘಾಟನೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಗಣ್ಯರ ಭಾಷಣ. ಊಟ ಆಯಿತು. ಅಧ್ಯಕ್ಷರು ಕಾರು ಹತ್ತಿದರು. ಶಾಮಿಯಾನದವನು ಕುರ್ಚಿ ಮಡಚುವ ಹೊತ್ತಿಗೆ 'ಈಗ ಉದಯೋನ್ಮುಖ ಕವಿಗಳು' ಎಂದು ಕರೆದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಉದಯೋನ್ಮುಖರಲ್ಲಿ ಒಬ್ಬರಿಗೆ ವಯಸ್ಸು ನಲವತ್ತೈದು! ನಮ್ಮ ಜನರ ಸೂರ್ಯ ಅದೆಷ್ಟು ವರ್ಷ ಬರೀ ಉದಯಿಸುತ್ತಲೇ ಇರಬೇಕೋ.

ವಾಟ್ಸ್‌ಗೆ ಬರೋಣ. ದಂಗೆಗೆ ಒಂದು ವರ್ಷ ತುಂಬಿದಾಗ, 1966ರ ಆಗಸ್ಟ್ 16ರಂದು, ಎನ್‌ಬಿಸಿ ಟೀವಿ ಈ ಬರಹಗಾರರನ್ನು ಒಂದು ಗಂಟೆ ದೇಶಕ್ಕೆಲ್ಲ ತೋರಿಸಿತು. ಕಾರ್ಯಕ್ರಮದ ಹೆಸರು 'ವಾಟ್ಸ್‌ನ ಸಿಟ್ಟಿನ ದನಿಗಳು' ಅನ್ನುವ ಅರ್ಥದ್ದು. ಸಿಟ್ಟು ಅನ್ನುವ ಮಾತನ್ನು ಮುಂದಿಟ್ಟೇ ಮಾರಿದರು. ಅವರ ಬರಹದಲ್ಲಿ ಅಪ್ಪನ ನೆನಪಿತ್ತು, ಪ್ರೀತಿ ಇತ್ತು, ದೇವರ ಜೊತೆ ವಾದ ಇತ್ತು. ಟೀವಿಗೆ ಸಿಟ್ಟು ಮಾತ್ರ ಬೇಕಿತ್ತು. ಆದರೂ ಆ ಒಂದು ಗಂಟೆ ಬಹಳ ಕೆಲಸ ಮಾಡಿತು. ಹಣ ಬರತೊಡಗಿತು, ಪತ್ರಗಳು ಬಂದವು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್, ಜೇಮ್ಸ್ ಬಾಲ್ಡ್‌ವಿನ್ ಬೆಂಬಲಕ್ಕೆ ನಿಂತರು. ಕಲೆಗಳಿಗೆ ಹಣ ಕೊಡಲೆಂದು 1965ರಲ್ಲಷ್ಟೇ ಹುಟ್ಟಿದ್ದ ಕೇಂದ್ರ ಸರ್ಕಾರದ ಸಂಸ್ಥೆಯೂ ಅನುದಾನ ಕೊಟ್ಟಿತು. ಈ ಅನುದಾನದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1967ರಲ್ಲಿ ಕೂಟದ ಬರಹಗಳೆಲ್ಲಾ 'ಫ್ರಮ್ ದಿ ಆಶಸ್', ಅಂದರೆ ಬೂದಿಯೊಳಗಿಂದ, ಎಂಬ ಪುಸ್ತಕವಾಗಿ ಬಂದವು. ಡೋಲನ್ ಬರೆದ ನಾಟಕ ಅದೇ ವರ್ಷ ಟೀವಿಯಲ್ಲಿ ಬಂತು. ಕಸ ಗುಡಿಸಿದ ಕೈ ಬರೆದದ್ದನ್ನು ದೇಶ ಕೂತು ನೋಡಿತು.

ಕೂಟದವರು ಬೀಚ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ ಒಂದು ಮನೆ ಮಾಡಿದರು. ಬರೆಯುವ ಹುಡುಗರಲ್ಲಿ ಕೆಲವರಿಗೆ ಮಲಗಲಿಕ್ಕೂ ಜಾಗವಿರಲಿಲ್ಲ, ಅಂಥವರಿಗೆ ಅಲ್ಲೇ ವಾಸ. ಮನೆಗೆ ಇಟ್ಟ ಹೆಸರು ಡಗ್ಲಸ್ ಹೌಸ್. ಫ್ರೆಡರಿಕ್ ಡಗ್ಲಸ್‌ನ ಹೆಸರು ಅದು. ಈತನ ವಿಷಯ ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಹೇಳಲೇಬೇಕು. ಗುಲಾಮನಾಗಿ ಹುಟ್ಟಿದವನು. ಬಾಲ್ಟಿಮೋರ್ ಊರಿನ ಒಡೆಯನ ಹೆಂಡತಿ ಅವನಿಗೆ ಅಕ್ಷರ ಹೇಳಿಕೊಡಲು ಹೊರಟಾಗ ಒಡೆಯ ತಡೆದ. ಅಕ್ಷರ ಕಲಿತ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಎನ್ನುವುದು ಅವನ ವಾದ. ಅದನ್ನು ಕೇಳಿಸಿಕೊಂಡ ಹುಡುಗ ಬಿಡುಗಡೆಯ ದಾರಿ ಯಾವುದು ಎಂದು ಅವತ್ತೇ ತಿಳಿದುಕೊಂಡ. ಮನೆಯಿಂದ ರೊಟ್ಟಿಯ ತುಂಡು ಜೇಬಿಗೆ ಹಾಕಿಕೊಂಡು ಹೋಗಿ, ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಅದಕ್ಕೆ ಬದಲಾಗಿ ಅಕ್ಷರ ಈಸಿಕೊಂಡ. ರೊಟ್ಟಿಗೆ ಅಕ್ಷರ! ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಎಂದು ಬರೆದಿಟ್ಟ ದೇಶದಲ್ಲಿ, ಹೆಬ್ಬೆಟ್ಟು ಒತ್ತುವ ಅವ್ವನ ಹೊಟ್ಟೆಯಲ್ಲಿ ಹುಟ್ಟಿ ಬಿ.ಎ. ಮುಗಿಸಿದ ನನಗೆ ಇದಕ್ಕಿಂತ ಹತ್ತಿರದ ಕಥೆ ಬೇರೆ ಇಲ್ಲ. 1838ರಲ್ಲಿ ತಪ್ಪಿಸಿಕೊಂಡು ಓಡಿದ ಡಗ್ಲಸ್ 1845ರಲ್ಲಿ ತನ್ನ ಆತ್ಮಕಥೆ ಅಚ್ಚು ಮಾಡಿಸಿದ.

ಇನ್ನು ಜಗಳದ ಮಾತು. ಯಾವ ಸಂಘಟನೆಯ ಚರಿತ್ರೆಯಲ್ಲೂ ಜಗಳವನ್ನು ಬಿಟ್ಟು ಬರೆದರೆ ಅದು ಸನ್ಮಾನಪತ್ರ ಆಗುತ್ತದೆ. ಹೊಸ ಹುಡುಗರು ಕೇಳತೊಡಗಿದರು: ಕಪ್ಪುಜನರ ಪುಸ್ತಕದ ಮುಖಪುಟದಲ್ಲಿ ಸಂಪಾದಕ ಅಂತ ಬಿಳಿಯನ ಹೆಸರು ಯಾಕೆ? ಯಾವ ಪದ್ಯ ಒಳ್ಳೆಯದು ಎಂದು ತೀರ್ಮಾನ ಮಾಡುವವನು ಹಾಲಿವುಡ್ಡಿನವನು ಯಾಕೆ? ಹೊತ್ತಿಗೆ ಸರಿಯಾಗಿ ಕಪ್ಪುಶಕ್ತಿಯ ಘೋಷಣೆ ಎದ್ದಿತ್ತು, 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತ್ತು. ಕೂಟದಲ್ಲಿ ಬೆಳೆದ ಕ್ವಿನ್ಸಿ ಟ್ರೂಪ್ ಎಂಬ ಕವಿ 1968ರಲ್ಲಿ 'ವಾಟ್ಸ್ ಪೊಯೆಟ್ಸ್' ಎಂಬ ಬೇರೆಯೇ ಸಂಕಲನ ಮಾಡಿದ. ಪ್ರಕಾಶನದ ಹೆಸರು ಹೌಸ್ ಆಫ್ ರೆಸ್ಪೆಕ್ಟ್, ಮರ್ಯಾದೆಯ ಮನೆ. ಹೆಸರಲ್ಲೇ ಎಲ್ಲಾ ಇದೆ. ನಮಗೆ ಕರುಣೆ ಬೇಡ, ಮರ್ಯಾದೆ ಬೇಕು ಅಂತ.

ಈ ಜಗಳದಲ್ಲಿ ನಾನು ಹುಡುಗರ ಕಡೆ. ಹಾಗಂತ ಷುಲ್‌ಬರ್ಗನನ್ನು ಬರೀ ವೇಷಧಾರಿ ಎಂದು ಒಂದೇ ಏಟಿಗೆ ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಖಾಲಿ ಕೋಣೆಯಲ್ಲಿ ವಾರಗಟ್ಟಲೆ ಕೂತಿದ್ದನಲ್ಲ, ಅದು ಸಣ್ಣದಲ್ಲ. ನಮ್ಮ ಹೋರಾಟದ ಜೊತೆಗೂ ಮೇಲ್ಜಾತಿಯ ಒಳ್ಳೆಯ ಗೆಳೆಯರು ನಿಂತಿದ್ದಾರೆ. ಅವರು ಬಂದದ್ದು ತಪ್ಪಲ್ಲ. ಅವರು ಬಾರದ ದಿನ ಗೋಷ್ಠಿ ನಡೆಯದಿದ್ದರೆ ಅದು ತಪ್ಪು. ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿದೆ, ಬ್ಯಾಂಕಿನ ಪಾಸ್‌ಬುಕ್ಕು ಯಾರ ಹೆಸರಲ್ಲಿದೆ, ಕೊನೆಗೆ ಪ್ರೂಫು ತಿದ್ದುವವರು ಯಾರು, ಇವು ಕೇಳಲೇಬೇಕಾದ ಪ್ರಶ್ನೆಗಳು. ವಾಟ್ಸ್‌ನಲ್ಲಿ ಈ ಪ್ರಶ್ನೆ ಕೇಳಿದ್ದರಿಂದಲೇ ಮುಂದೆ ಹ್ಯಾರಿ ಡೋಲನ್‌ನಂಥ ಅಲ್ಲಿನವರೇ ಕೂಟವನ್ನು ನಡೆಸುವಂತಾಯಿತು. ಷುಲ್‌ಬರ್ಗ್ 1971ರಲ್ಲಿ ನ್ಯೂಯಾರ್ಕಿನಲ್ಲಿ ಡಗ್ಲಸ್ ಹೆಸರಿನಲ್ಲೇ ಇನ್ನೊಂದು ಕೇಂದ್ರ ತೆಗೆಯಲು ಜೊತೆಗೂಡಿದ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅಮೆರಿಕದ ಕೇಂದ್ರ ಪೊಲೀಸು ಎಫ್‌ಬಿಐ. ಅದರ ಮುಖ್ಯಸ್ಥ ಎಡ್ಗರ್ ಹೂವರ್ 1967ರ ಆಗಸ್ಟ್ ತಿಂಗಳಲ್ಲಿ ತನ್ನ ಕಚೇರಿಗಳಿಗೆಲ್ಲ ಗುಟ್ಟಿನ ಆಜ್ಞೆ ಕಳಿಸಿದ. ಕಪ್ಪುಜನರ ಸಂಘಟನೆಗಳ ಒಳಗೆ ಒಡಕು ಹುಟ್ಟಿಸಿ, ಹೆಸರು ಕೆಡಿಸಿ, ದಾರಿ ತಪ್ಪಿಸಿ, ಒಟ್ಟಿನಲ್ಲಿ ನಿಷ್ಫಲ ಮಾಡಿ ಎನ್ನುವುದು ಅದರ ಸಾರ. ಅದೇ ವರ್ಷದಿಂದ ಕಪ್ಪುಜನರ ಕೇರಿಗಳಲ್ಲಿ ಸುದ್ದಿ ಮುಟ್ಟಿಸುವವರನ್ನು ನೇಮಿಸಿಕೊಳ್ಳುವ ಯೋಜನೆಯೂ ಶುರುವಾಯಿತು. 1970ರ ದಶಕದ ಆರಂಭಕ್ಕೆ ಅಂಥವರ ಸಂಖ್ಯೆ ದೇಶದಲ್ಲಿ 7,000 ದಾಟಿತ್ತು. 1971ರ ಮಾರ್ಚ್ 8ರ ರಾತ್ರಿ ಕೆಲವರು ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಯ ಬಾಗಿಲು ಮುರಿದು, ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕೊಟ್ಟ ಮೇಲೆ ಇದು ಹೊರಗೆ ಬರಲು ಶುರುವಾಯಿತು. 1975ರಿಂದ ಸೆನೆಟ್ಟಿನ ಸಮಿತಿಯೇ ತನಿಖೆ ಮಾಡಿ ಬರೆದದ್ದು ಇವತ್ತು ಯಾರು ಬೇಕಾದರೂ ಓದುವಂತೆ ಅಚ್ಚಾಗಿದೆ.

ವಾಟ್ಸ್‌ನ ಬರಹಗಾರರ ಕೂಟದೊಳಗೂ ಇಂಥವನೊಬ್ಬ ಇದ್ದ. ಡಾರ್ಥರ್ಡ್ ಪೆರ್ರಿ ಎಂದು ಹೆಸರು. ಅವನೂ ಕಪ್ಪುಜನರವನೇ. ಎಲ್ಲರಿಗೂ ಬೇಕಾದವನಾಗಿ, ಕೆಲಸಕ್ಕೆ ಒದಗುವವನಾಗಿ ಓಡಾಡಿಕೊಂಡಿದ್ದ. ಎಫ್‌ಬಿಐ ಅವನಿಗೆ ಇಟ್ಟ ಗುಪ್ತನಾಮ ಒಥೆಲೊ. ಶೇಕ್ಸ್‌ಪಿಯರನ ನಾಟಕದ ಕಪ್ಪು ದಳಪತಿಯ ಹೆಸರು! ಪೊಲೀಸರಿಗೂ ಸಾಹಿತ್ಯಾಭಿರುಚಿ ಇರುತ್ತದೆ ನೋಡಿ. 1973ರಲ್ಲಿ ಕೂಟದ ಕಟ್ಟಡ, ಕಷ್ಟಪಟ್ಟು ಕಟ್ಟಿಕೊಂಡಿದ್ದ ರಂಗಮಂದಿರ ಸಮೇತ, ಸುಟ್ಟು ಬೂದಿಯಾಯಿತು. ಹಸ್ತಪ್ರತಿಗಳು ಹೋದವು. ಕೆಲವು ವರ್ಷಗಳ ನಂತರ, ಎಫ್‌ಬಿಐ ಜೊತೆ ಕೆಟ್ಟ ಮೇಲೆ, ಪೆರ್ರಿ ಬಾಯಿಬಿಟ್ಟ. ಬೆಂಕಿ ಇಟ್ಟವನು ತಾನೇ, ಎಫ್‌ಬಿಐಗಾಗಿ ಇಟ್ಟೆ, ಅದಕ್ಕೂ ಮುಂಚೆ ಅಲ್ಲಿನ ಸಲಕರಣೆಗಳನ್ನು ಕೆಡಿಸುತ್ತಿದ್ದವನೂ ತಾನೇ ಎಂದ. ಇದು ಅವನ ಬಾಯಿಂದ ಬಂದ ಮಾತು. ಯಾವ ಕೋರ್ಟೂ ಯಾವ ಅಧಿಕಾರಿಯನ್ನೂ ಇದಕ್ಕಾಗಿ ಕಟಕಟೆ ಹತ್ತಿಸಲಿಲ್ಲ.

ಈಗ ಆ ಅನುದಾನ ನೆನಪಿಸಿಕೊಳ್ಳಿ. ಒಂದೇ ಸರ್ಕಾರ. ಒಂದು ಇಲಾಖೆ ಬರೆಯಿರಿ ಎಂದು ಹಣ ಕೊಟ್ಟಿತ್ತು. ಇನ್ನೊಂದು ಇಲಾಖೆಯ ಸಂಬಳ ತಿಂದವನ ಕೈಯಲ್ಲಿ ಬೆಂಕಿಪೆಟ್ಟಿಗೆ ಇತ್ತು. ಹೆಸರು ಹೇಳಿ ಬಂದವನು ಕಟ್ಟಲು ಕೈಹಾಕಿದ ಮನೆಯನ್ನು ಹೆಸರು ಮುಟ್ಟಿಸುವವನೊಬ್ಬ ಸುಟ್ಟ. ಆ ಮನೆಯಲ್ಲಿ ಬಂದೂಕು ಇರಲಿಲ್ಲ. ಕಾಗದ ಇತ್ತು, ಟೈಪ್‌ರೈಟರ್ ಇತ್ತು, ಕುರ್ಚಿಗಳಿದ್ದವು. ಓದು ಬಾರದ ಅಪ್ಪಂದಿರ ಮಕ್ಕಳು ಒಬ್ಬರಿಗೊಬ್ಬರು ಓದಿ ಹೇಳಿಕೊಳ್ಳುವುದು ಅಷ್ಟು ದೊಡ್ಡ ಸರ್ಕಾರಕ್ಕೆ ಭಯ ಹುಟ್ಟಿಸಿತ್ತು. ಡಗ್ಲಸ್‌ನ ಒಡೆಯನ ಭಯವೇ ಅದು, ನೂರೈವತ್ತು ವರ್ಷದಷ್ಟು ಹಳೆಯದಾಗಿ ಆಫೀಸಿನ ಮೇಜಿನ ಹಿಂದೆ ಕೂತಿತ್ತು ಅಷ್ಟೆ.

ಅದೇ ಕಾಲದಲ್ಲಿ ನಮ್ಮ ಕಡೆ ಏನಾಗುತ್ತಿತ್ತು? 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್ ಮುಂತಾದ ಹುಡುಗರು ಕಟ್ಟಿದ ಸಂಘಟನೆಗೆ ಓಕ್ಲೆಂಡಿನ ಕಪ್ಪುಜನರಿಂದಲೇ ಹೆಸರು ತಂದು ದಲಿತ ಪ್ಯಾಂಥರ್ಸ್ ಎಂದರು. ಅವರೂ ಬರೆಯುವವರೇ, ಸಣ್ಣಪತ್ರಿಕೆಗಳಲ್ಲಿ ಬೆಳೆದವರೇ. ಈ ನೆಂಟಸ್ತಿಕೆ ಅಲ್ಲಿಗೇ ಹೊಸದಾಗಿ ಶುರುವಾದದ್ದೂ ಅಲ್ಲ. 1946ರಲ್ಲೇ ಬಾಬಾಸಾಹೇಬರು ಕಪ್ಪುಜನರ ವಿದ್ವಾಂಸ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪುಜನ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ವಾಟ್ಸ್‌ನ ಮನೆ ಸುಟ್ಟ ವರ್ಷವೇ, 1973ರ ನವೆಂಬರಿನಲ್ಲಿ, ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಅದಕ್ಕೆ ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಏಟು ಬಿದ್ದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದಾಗ ಕೊಡಲಿಲ್ಲ. ಅದೇ ವರ್ಷ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಮಾಡಿಕೊಂಡರು. ಗೋಷ್ಠಿ ಎಂಬ ಮಾತಿನ ಹಿಂದೆ ನಮ್ಮಲ್ಲೂ ಎಷ್ಟು ಏಟು, ಎಷ್ಟು ಹಟ ಇದೆ ಅನ್ನುವುದು ಮರೆಯಬಾರದೆಂದು ಇಷ್ಟು ಹೇಳಿದೆ.

ಸುಟ್ಟ ಮನೆಯವರು ಏನಾದರು? ಕಟ್ಟಡ ಹೋಯಿತು, ಓದಿದವರು ಉಳಿದರು. ಲೂಯಿಸ್ ಮೆರಿವೆದರ್ ಕೂಟದಲ್ಲಿದ್ದಾಗ ಬರೆಯುತ್ತಿದ್ದ ಕಾದಂಬರಿ 'ಡ್ಯಾಡಿ ವಾಸ್ ಎ ನಂಬರ್ ರನ್ನರ್' 1970ರಲ್ಲೇ ಬಂದಿತ್ತು, ಬಾಲ್ಡ್‌ವಿನ್ ಮುನ್ನುಡಿ ಬರೆದಿದ್ದ. ವಾಟ್ಸ್‌ನಲ್ಲೇ ಹುಟ್ಟಿದ ವಾಂಡಾ ಕೋಲ್ಮನ್ ಕೆಲಕಾಲ ಕೂಟಕ್ಕೆ ಬಂದು ಹೋದವಳು. ಮಕ್ಕಳನ್ನು ಸಾಕಲು ಸಿಕ್ಕ ಸಿಕ್ಕ ಕೆಲಸ ಮಾಡುತ್ತಾ ಬರೆದಳು. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲಾಸ್ ಏಂಜಲೀಸಿನ ಕವಿ ಅಂದರೆ ಅವಳೇ ಅನ್ನುವಂತಾಗಿತ್ತು. ಕೂಟದಲ್ಲಿ ಭೇಟಿಯಾದ ಮೂವರು, ರಿಚರ್ಡ್ ಡೆಡೋ, ಓಟಿಸ್ ಓ'ಸಾಲೊಮನ್, ಆಮ್ಡೆ ಹ್ಯಾಮಿಲ್ಟನ್, ವಾಟ್ಸ್ ಪ್ರಾಫೆಟ್ಸ್ ಎಂದು ಹೆಸರಿಟ್ಟುಕೊಂಡು ಡೋಲಿನ ಜೊತೆ ಪದ್ಯ ಹೇಳಿದರು. 1971ರ ಅವರ ಧ್ವನಿಮುದ್ರಿಕೆಯ ಹೆಸರಿನಲ್ಲೇ 'ರ್‍ಯಾಪಿನ್' ಎಂಬ ಮಾತಿತ್ತು. ಇವತ್ತು ನಮ್ಮ ಬೆಂಗಳೂರಿನ ಕೊಳೆಗೇರಿಯ ಹುಡುಗರು ಮೊಬೈಲಿನಲ್ಲಿ ಕೇಳುವ ರ್‍ಯಾಪ್ ಹಾಡಿಗೆ ತಾತಂದಿರು ಯಾರೆಂದರೆ ಈ ಮೂವರನ್ನೂ ಸೇರಿಸಿ ಹೇಳಬೇಕು.

ಕೂಟಕ್ಕೆ ಬರುತ್ತಿದ್ದವರಲ್ಲಿ ತೀರಾ ಚಿಕ್ಕವನು ಕಮಾವು ದಾವೂದ್, 1950ರಲ್ಲಿ ಹುಟ್ಟಿದವನು. ಮನೆ ಸುಟ್ಟಾಗ ಅವನಿಗೆ ಇಪ್ಪತ್ತಮೂರರ ಆಸುಪಾಸು, ಹೆಚ್ಚುಕಡಿಮೆ ಈಗ ನನ್ನ ವಯಸ್ಸು. ಹದಿನಾರು ವರ್ಷದ ಮೇಲೆ, 1989ರಲ್ಲಿ, ಅವನೂ ಡ್ರಮ್ ಬಾರಿಸುವ ಬಿಲ್ಲಿ ಹಿಗಿನ್ಸ್ ಎಂಬ ಹೆಸರಾಂತ ಕಲಾವಿದನೂ ಸೇರಿ, ಅದೇ ಊರಿನ ಲೈಮರ್ಟ್ ಪಾರ್ಕ್ ಎಂಬಲ್ಲಿ, ಡೆಗ್ನನ್ ಬೀದಿಯ ಒಂದು ಅಂಗಡಿಮಳಿಗೆ ಹಿಡಿದರು. ವರ್ಲ್ಡ್ ಸ್ಟೇಜ್ ಎಂದು ಹೆಸರಿಟ್ಟರು. ಮಳಿಗೆ ಸಣ್ಣದು, ಹೆಸರು ಜಗದಗಲ. 1990ರಲ್ಲಿ ಅಲ್ಲಿ ಬರಹಗಾರರ ಕೂಟ ಮತ್ತೆ ಕೂತಿತು. ಅದಕ್ಕಿಟ್ಟ ಹೆಸರು ಅನಾನ್ಸಿ. ಅನಾನ್ಸಿ ಅಂದರೆ ಪಶ್ಚಿಮ ಆಫ್ರಿಕದ ಜನಪದ ಕಥೆಗಳ ಜೇಡ. ಸಣ್ಣ ಜೀವ, ದೊಡ್ಡವರನ್ನು ಬುದ್ಧಿಯಲ್ಲಿ ಸೋಲಿಸುವಂಥದು. ಹಡಗಿನ ತಳದಲ್ಲಿ ಸರಪಳಿ ಹಾಕಿ ಸಾಗಿಸಿದಾಗ ಗುಲಾಮರು ಬಾಯಲ್ಲಿಟ್ಟುಕೊಂಡು ತಂದ ಕಥೆ ಅದು.

ಬುಧವಾರದ ರಾತ್ರಿ ಕೂಟ. ಮೊದಲು ಹೊಸಬರು ತಂದದ್ದನ್ನು ಓದುವುದು, ಕೂತವರು ಮುಖ ನೋಡದೆ ತಪ್ಪು ಒಪ್ಪು ಹೇಳುವುದು. ಆಮೇಲೆ ಕರೆಸಿದ ಒಬ್ಬ ಕವಿಯ ಓದು. ಅದಾದ ಮೇಲೆ ಮೈಕು ಎಲ್ಲರದು, ಯಾರು ಬೇಕಾದರೂ ಎದ್ದು ನಿಲ್ಲಬಹುದು. 1992ರ ಏಪ್ರಿಲ್ 29ರಂದು, ರಾಡ್ನಿ ಕಿಂಗ್‌ನನ್ನು ಬಡಿದ ಪೊಲೀಸರನ್ನು ಕೋರ್ಟು ಬಿಟ್ಟು ಕಳಿಸಿದ ದಿನ, ಆ ಊರು ಮತ್ತೊಮ್ಮೆ ಹೊತ್ತಿಕೊಂಡಿತು. 1965ಕ್ಕಿಂತ ಹೆಚ್ಚು, ಅರವತ್ತಕ್ಕೂ ಮೇಲೆ ಜನ ಸತ್ತರು. ಆ ಸಲ ಸುಟ್ಟ ಬೀದಿಯ ಹುಡುಗರು, ಗೋಡೆಯ ಮೇಲೆ ಯಾರಾದರೂ ಚೀಟಿ ಅಂಟಿಸಲಿ ಎಂದು ಕಾಯಬೇಕಾಗಿರಲಿಲ್ಲ. ಡೆಗ್ನನ್ ಬೀದಿಯ ಮಳಿಗೆಯ ಬೀಗದ ಕೈ ಅವರ ಜನರ ಹತ್ತಿರವೇ ಇತ್ತು.